ಪಾಲಾಗದ ಸೈಕಲ್ಲು

ಮಾರ್ಚ್ 3, ಭಾನುವಾರ

ಹೊಸ ಮನೆಗೆ ಬಂದಾಯ್ತು. ಮನೆ ಅಂದರೆ ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಬಾಲ್ಕನಿ. ಬಾಲ್ಕನಿಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಹೋಗಬೇಕು. ಇನ್ನೊಬ್ಬರು ಇಲ್ಲವಲ್ಲ, ಹಾಗಾಗಿ ತೊಂದರೆಯಿಲ್ಲ.

ಹದಿನಾಲ್ಕು ವರ್ಷದ ಸಂಸಾರ ಒಂದೇ ಮಧ್ಯಾಹ್ನದಲ್ಲಿ ಹಂಚಿ ಮುಗೀತು. ಜಗಳವೂ ಇಲ್ಲ. ಜಗಳ ಆಡಿದ್ದರೆ ಮದುವೆಗೊಂದು ಮರ್ಯಾದೆಯಾದರೂ ಉಳೀತಿತ್ತು. "ಸೋಫಾ ನೀನೇ ಇಟ್ಕೋ." "ಬೇಡ, ನೀವೇ ಇಟ್ಕೊಳ್ಳಿ." "ಮಿಕ್ಸಿ?" "ನಿಮಗೆ ಮಿಕ್ಸಿ ಆನ್ ಮಾಡೋಕೆ ಬರುತ್ತಾ?" "ಇಲ್ಲ." "ಹಾಗಾದರೆ ನನಗಿರಲಿ." ಯಾರದೋ ಮನೆ ಸಾಮಾನನ್ನ ಇನ್ಯಾರೋ ವಿಲೇವಾರಿ ಮಾಡೋ ಹಾಗೆ ನಡೀತು. ಅವರಿಗೆ, ಅಂದರೆ ನನ್ನ ಗಂಡನಿಗೆ, ಅಲ್ಲ, ಕೋರ್ಟಿನ ಕೆಲಸ ಮುಗಿದ ಮೇಲೆ ಮಾಜಿ ಗಂಡನಿಗೆ, ಕಿಟಕಿ ಪರದೆಗಳೂ ಬೇಕಂತೆ. ತಗೊಂಡು ಹೊದ್ಕೊಳ್ಳಲಿ.

ಹಂಚಿಕೆಯಲ್ಲಿ ಬಾರದೆ ಉಳಿದದ್ದು ಸೈಕಲ್ಲೊಂದೇ. ಯಾಕೆಂದರೆ ಅದರಲ್ಲಿ ಅವರದ್ದು ಒಂದು ನಟ್ಟೂ ಇಲ್ಲ. ಅದು ನನ್ನದು ಮತ್ತು ಅವರ ತಂಗಿಯದು. ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಸಲ ಹುಚ್ಚು ಹಿಡಿದು, ಕೂಡಿ ಕೊಂಡದ್ದು. ಮುಂದಿನ ಚಕ್ರಕ್ಕೊಂದು ಶಾಕ್ ಅಬ್ಸಾರ್ಬರ್, ಹಿಂದಿನದಕ್ಕೊಂದು. ಗುಡ್ಡ ಹತ್ತೋಕೆ ಹಗುರ, ಇಳಿಯೋಕೆ ಮೆತ್ತಗೆ. ಅಕ್ಕಪಕ್ಕದವರಿಗೆ "ಫುಲ್ ಸಸ್ಪೆನ್ಷನ್" ಅಂದರೆ "ಅಯ್ಯೋ, ಕೆಲಸದಿಂದಲಾ?" ಅಂತ ಕೇಳ್ತಿದ್ರು. ಒಂದು ವಾರ ನನ್ನ ಹತ್ತಿರ, ಒಂದು ವಾರ ಅವಳ ಹತ್ತಿರ. ಶನಿವಾರ ಬೆಳಗ್ಗೆ ಬದಲಿ.

ಅವರ ತಂಗಿ ಅಂತ ಬರೆದೆ. ಮೊನ್ನೆವರೆಗೂ ನನ್ನ ನಾದಿನಿ. ಈಗ ಅವಳು ನನಗೆ ಏನಾಗಬೇಕೋ ಯಾರನ್ನ ಕೇಳೋದು? ಅವರ ತಂಗಿ ಅಂತಲೇ ಇರಲಿ. ಒಡಹುಟ್ಟಿದವಳು ಒಡಹುಟ್ಟಿದವಳೇ, ಇವತ್ತಲ್ಲ ನಾಳೆ ಅಣ್ಣನ ಕಡೆಗೇ ವಾಲ್ತಾಳೆ. ವಾಲಲಿ ಬಿಡು. ಸೈಕಲ್ ಮಾತ್ರ ನಾನು ಬಿಡೋದಿಲ್ಲ. ಇಷ್ಟೆಲ್ಲ ಬಿಟ್ಟುಕೊಟ್ಟವಳು ಅದೊಂದನ್ನ ಗಟ್ಟಿಯಾಗಿ ಹಿಡ್ಕೊಳ್ತೀನಿ.

ಪೆಟ್ಟಿಗೆ ಬಿಚ್ಚಿ ಬಿಚ್ಚಿ ಸಾಕಾಗಿದೆ. ಹಸಿವಿಲ್ಲ. ಎರಡು ಬಿಸ್ಕತ್ತು ತಿಂದು ಮಲಗ್ತೀನಿ.

ಮಾರ್ಚ್ 9, ಶನಿವಾರ

ಅವರ ತಂಗಿ ಬಂದು ಹೋದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸ್ತಾಳೆ. ಬಂದದ್ದೂ ಅದೇ ಕಾರಿನಲ್ಲಿ, ತಲೆ ಮೇಲೆ ಕಲಿಯುವವರ ಬೋರ್ಡು, ಬೆನ್ನಿಗೆ ನಮ್ಮ ಸೈಕಲ್ಲು. ಆ ಕಾರಿನಲ್ಲಿ ಅವಳ ಕಾಲಡಿಗೂ ಒಂದು ಬ್ರೇಕಿದೆ. ಅಭ್ಯಾಸ ಎಷ್ಟು ಕೆಟ್ಟಿದೆ ಅಂದರೆ ಯಾರು ಏನು ಎಡವಟ್ಟು ಮಾತಾಡಿದರೂ ಅವಳ ಬಲಗಾಲು ನೆಲ ಒತ್ತುತ್ತೆ.

"ಅತ್ತಿಗೆ..." ಅಂದಳು. ಅಂದವಳೇ ನಿಲ್ಲಿಸಿದಳು. ನಾನು ಸೈಕಲ್ ನೋಡಿದೆ, ಅವಳು ಗೇಟು ನೋಡಿದಳು.

"ಹಿಂದಿನ ಬ್ರೇಕ್ ಸ್ವಲ್ಪ ಕೂಗ್ತಿದೆ."

"ಸರಿ, ನೋಡ್ತೀನಿ."

"ಮನೆ ಚೆನ್ನಾಗಿದೆಯಾ?"

"ಚೆನ್ನಾಗಿದೆ. ಗಾಳಿ ಬೆಳಕಿಗೇನೂ ಕಮ್ಮಿ ಇಲ್ಲ."

ಮೇಲೆ ಬಾ ಅಂತ ನಾನೂ ಕರೀಲಿಲ್ಲ. ಕರೆದಿದ್ದರೆ ಕೂರಿಸೋಕೆ ಕುರ್ಚಿ ಇರೋದು ಒಂದೇ. ಅವಳ ಕಾಲು ನೆಲ ಒತ್ತಿತು. ಹೊರಟಳು.

ಸೈಕಲ್ಲನ್ನ ಹೆಗಲಿಗೇರಿಸಿಕೊಂಡು ಎರಡು ಮಹಡಿ ಹತ್ತಿದೆ. ಅಲ್ಲೇ ಗೊತ್ತಾಗಿದ್ದು. ಇದನ್ನ ಅವಳು ಓಡಿಸೇ ಇಲ್ಲ.

ಹೇಗೆ ಅಂದರೆ, ಅವಳು ನನಗಿಂತ ಎತ್ತರ, ತೂಕದಲ್ಲೂ ಧಾರಾಳ. ಸೀಟಿನ ಕಂಬದ ಮೇಲೆ ಕೆಂಪು ಟೇಪು ನನ್ನ ಎತ್ತರಕ್ಕೆ, ಬಿಳಿ ಟೇಪು ಅವಳ ಎತ್ತರಕ್ಕೆ. ಶಾಕಿನಲ್ಲಿ ಇರೋದು ಬರೀ ಗಾಳಿ. ಅವಳ ತೂಕಕ್ಕೆ ಜಾಸ್ತಿ ಹೊಡೀಬೇಕು, ನನಗೆ ಕಮ್ಮಿ. ಮೊದಲಿಂದಲೂ ನಮ್ಮಲ್ಲಿ ಒಂದೇ ಕಾಯ್ದೆ, ತಗೊಂಡವರು ಸರಿ ಮಾಡ್ಕೋಬೇಕು. ಮೂರು ವರ್ಷದಿಂದ ಪ್ರತಿ ಸಲ ಸೀಟು ಇಳಿಸಿ, ಗಾಳಿ ಬಿಟ್ಟು, ಅವಳ ಗಾತ್ರಕ್ಕೆ ಬೈದುಕೊಂಡೇ ಹತ್ತಿದವಳು ನಾನು. ಇವತ್ತು ನೋಡಿದರೆ ಸೀಟು ಕೆಂಪು ಟೇಪಿನ ಹತ್ತಿರವೇ ಇದೆ. ಪಂಪು ಹಚ್ಚಿ ಅದರ ಮುಳ್ಳು ನೋಡಿದೆ, ಗಾಳಿಯೂ ನಾನು ಇಟ್ಟುಕೊಂಡಷ್ಟೇ. ಚಕ್ರದಲ್ಲಿ ಒಂದು ಚಿಟಿಕೆ ಮಣ್ಣಿಲ್ಲ. ಚೈನು ಒರೆಸಿ ಇಟ್ಟ ಹಾಗಿದೆ. ಕೊಟ್ಟದ್ದನ್ನ ಹಾಗೇ ಗೋಡೆಗೆ ಒರಗಿಸಿಟ್ಟು, ಹಾಗೇ ತಂದು ಕೊಟ್ಟಿದ್ದಾಳೆ.

ಅಂದರೆ ಅವಳಿಗೆ ಬೇಡವಾಗಿದೆ. ನನ್ನ ಜೊತೆ ಪಾಲಿರೋ ಯಾವುದೂ ಬೇಡವಾಗಿದೆ.

ಒಳ್ಳೇದೇ ಆಯ್ತು.

ಮಾರ್ಚ್ 10, ಭಾನುವಾರ

ಆಹಾ! ಏನೇ ಹೇಳಿ, ಗುಡ್ಡ ಗುಡ್ಡವೇ.

ಬೆಳಗ್ಗೆ ಆರಕ್ಕೆ ಹೊರಟೆ. ನೀಲಗಿರಿ ತೋಪು ದಾಟಿ, ಹಳೇ ಕಲ್ಲುಗಣಿ ಹಿಂದಿನ ಕಾಲುದಾರಿ. ಹತ್ತುವಾಗ ಹ್ಯಾಂಡಲ್ ಮೇಲಿನ ಕಡ್ಡಿ ಒತ್ತಿದರೆ ಶಾಕ್ ಬಿಗಿಯಾಗುತ್ತೆ, ತುಳಿದದ್ದೆಲ್ಲ ಚಕ್ರಕ್ಕೇ ಹೋಗುತ್ತೆ. ಮೇಲೆ ಹೋಗಿ ಬಿಟ್ಟರೆ ಹಿಂದಿನ ಚಕ್ರ ಬೇರುಗಳ ಮೇಲೆ ತಾನೇ ಕುಣಿದು, ಬೆನ್ನಿಗೆ ಏನೂ ಗೊತ್ತಾಗೋದಿಲ್ಲ. ಈ ಸೈಕಲ್ಲಿನ ಹಾಗೆ ಪೆಟ್ಟನ್ನ ತಾನು ನುಂಗಿ ಕೂತವರನ್ನ ಕಾಪಾಡೋ ಮನುಷ್ಯರನ್ನ ನಾನಿನ್ನೂ ನೋಡಿಲ್ಲ. ಉಸಿರು ಕಟ್ಟೋ ಹಾಗೆ ತುಳಿದೆ, ಯಾರಿಗೂ ಕೇಳಿಸೋದಿಲ್ಲ ಅಂತ ಗಟ್ಟಿಯಾಗಿ ಬೈದೆ, ಹಾಡಿದೆ.

ಮೆಟ್ಟಿಲ ಬಂಡೆ ಮಾತ್ರ ಆಗಲಿಲ್ಲ. ಗಣಿಯ ಆಚೆ ಕಡೆ ಬಂಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಗಂಡಸರು ಕಿರುಚಿಕೊಂಡು ಹಾರಿ ಹೋಗ್ತಾರೆ. ಅವರ ತಂಗಿಯೂ ಎಷ್ಟೋ ಸಲ ಇಳಿದಿದ್ದಾಳೆ, ಇಳಿದು ಬಂದು ವಾರಗಟ್ಟಲೆ ಅದೇ ಕಥೆ ಹೊಡೀತಿದ್ದಳು. ನಾನು ತುದೀಲಿ ನಿಂತೆ, ಕೆಳಗೆ ನೋಡಿದೆ, ಸೈಕಲ್ ಕೈಯಲ್ಲಿ ಹಿಡಿದು ಪಕ್ಕದ ಹುಲ್ಲಿನಲ್ಲಿ ನಡೆದು ಇಳಿದೆ. ಯಾರೂ ನೋಡಲಿಲ್ಲ. ಒಬ್ಬಳೇ ಹೋಗೋದರ ಲಾಭ ಇದು.

ಪ್ಯಾಂಟು ಎರಡು ಸಲ ಜಾರಿತು. ಎಲಾಸ್ಟಿಕ್ ಸತ್ತಿದೆ, ಹೊಸದು ಹಾಕಬೇಕು.

ಮಾರ್ಚ್ 13, ಬುಧವಾರ

ನಾನು ಕೆಲಸ ಮಾಡೋದು ಕನ್ನಡಕದ ಅಂಗಡಿಯಲ್ಲಿ, ಹಿಂದಿನ ಕೋಣೆಯಲ್ಲಿ. ಮುಂದೆ ಯಜಮಾನರು ಗಿರಾಕಿಗಳ ಜೊತೆ ನಗ್ತಾರೆ, ಹಿಂದೆ ನಾನು ಗಾಜನ್ನ ಫ್ರೇಮಿನ ಅಳತೆಗೆ ಉಜ್ಜಿ ಕೂರಿಸ್ತೀನಿ. ಇವತ್ತು ಒಬ್ಬರು ಬಂದು, "ಹೊಸ ಕನ್ನಡಕ ಹಾಕಿದ ಮೇಲೆ ನನ್ನ ಹೆಂಡತಿ ಮುಖ ಬೇರೆ ಥರ ಕಾಣ್ತಿದೆ," ಅಂತ ದೂರು ಕೊಟ್ಟರು. "ಈಗಲೇ ಸರಿಯಾಗಿ ಕಾಣ್ತಿರೋದು ಸಾರ್," ಅಂದೆ ಒಳಗಿಂದ. ಯಜಮಾನರು ಕೆಮ್ಮಿದರು.

ಮಧ್ಯಾಹ್ನ ಯಜಮಾನರೇ ಒಳಗೆ ಬಂದು, "ಯಾಕಮ್ಮ ಸೊರಗಿದೀಯ? ಡಬ್ಬಿ ತಂದಿಲ್ವಾ?" ಅಂದರು. ಒಬ್ಬಳಿಗೆ ಅಂತ ಒಲೆ ಹಚ್ಚೋಕೆ ಬೇಜಾರು ಅಂತ ಹೇಳೋಕಾಗುತ್ತಾ? ಸೈಕಲ್ ಹೊಡೀತೀನಲ್ಲ ಸಾರ್, ಅದಕ್ಕೆ ಅಂದೆ.

ಮಾರ್ಚ್ 16, ಶನಿವಾರ

ಅವರ ತಂಗಿ ಸೈಕಲ್ ತಗೊಂಡು ಹೋದಳು. ಹೊರಡುವಾಗ, "ಮೆಟ್ಟಿಲ ಬಂಡೆ ಕಡೆ ಹೋಗಿದ್ರಾ?" ಅಂದಳು.

"ಹೂಂ, ಹೋಗಿದ್ದೆ."

"ಇಳಿದ್ರಾ?"

"ಇಳಿದೆ," ಅಂದೆ. ಹೇಗೆ ಇಳಿದೆ ಅಂತ ಅವಳು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಗಂಡ ಬಿಟ್ಟ ಮೇಲೆ ಧೈರ್ಯವೂ ಬಿಟ್ಟು ಹೋಯ್ತು ಅಂತ ಅವರ ಮನೇಲಿ ಮಾತಾಗೋದು ಬೇಡ.

ಅವಳು ಬಗ್ಗಿ ಹಿಂದಿನ ಶಾಕನ್ನ ನೋಡಿದಳು. ಆಮೇಲೆ ನನ್ನನ್ನ ನೋಡಿದಳು. ಬ್ರೇಕ್ ಒತ್ತಿದಳು, ನೆಲದ ಮೇಲೆ.

"ಏನೇ?" ಅಂದೆ.

"ಏನಿಲ್ಲ."

ಏನಿಲ್ಲವಂತೆ. ಓಡಿಸದೆ ಗೋಡೆಗೆ ಒರಗಿಸೋಕೆ ಅಷ್ಟು ಪರೀಕ್ಷೆ ಯಾಕೆ?

ಮಾರ್ಚ್ 20, ಬುಧವಾರ

ಅವರು ಫೋನ್ ಮಾಡಿದ್ದರು. ಬಟ್ಟೆ ಒಗೆಯೋ ಮೆಷಿನ್ನಿನಲ್ಲಿ ಯಾವ ಗುಂಡಿ ಮೊದಲು ಒತ್ತಬೇಕಂತೆ. ಹೇಳಿಕೊಟ್ಟೆ. ಮುಗಿಸುವಾಗ, "ಆ ಸೈಕಲ್ ವಿಷಯ ನೀವಿಬ್ಬರೂ ಬೇಗ ಬಗೆಹರಿಸ್ಕೊಂಡರೆ ಒಳ್ಳೇದು. ಎಷ್ಟು ದಿನ ಅಂತ ಹೀಗೆ? ಅವಳಿಗೂ ಮುಜುಗರ," ಅಂದರು.

"ಅವಳು ಹಾಗಂದಳಾ?"

"ಅನ್ನಲಿಲ್ಲ. ಅನ್ಸುತ್ತೆ."

ಅವರಿಗೆ ಅನ್ಸುತ್ತಂತೆ. ನನ್ನ ಜೊತೆ ಹದಿನಾಲ್ಕು ವರ್ಷ ಇದ್ದು ಏನೊಂದೂ ಅನ್ನಿಸದೆ ಇದ್ದ ಮನುಷ್ಯನಿಗೆ ಈಗ ತಂಗಿಯ ಮುಜುಗರ ಅನ್ನಿಸಿಬಿಟ್ಟಿದೆ.

ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ 23, ಶನಿವಾರ

ಸೈಕಲ್ ಬಂತು. ಮತ್ತೆ ಅದೇ ಕಥೆ. ಸೀಟು ಕೆಂಪು ಟೇಪಿಗೆ, ಚೈನು ಫಳಫಳ. ಮಾತು ಮೂರೂವರೆ.

ಮಾರ್ಚ್ 24, ಭಾನುವಾರ

ಇವತ್ತಿನ ಸವಾರಿ ಬೆಣ್ಣೆ. ಹೋದ ಸಲ ಬೇರುಗಳ ಮೇಲೆ ಸ್ವಲ್ಪ ಕುಕ್ಕುತ್ತಿತ್ತು. ಇವತ್ತು ಹಿಂದಿನ ಶಾಕ್ ತಾನೇ ಬಗ್ಗಿ ಏಳುತ್ತಿದೆ. ಗಣಿಯ ತಿರುವಿನಲ್ಲಿ ಬ್ರೇಕ್ ಮುಟ್ಟದೆ ಹೋದೆ. ಒಂದು ನಾಯಿ ಅಟ್ಟಿಸಿಕೊಂಡು ಬಂದು ಅರ್ಧದಲ್ಲೇ ಸೋತು ಕೂತಿತು. ಅದಕ್ಕೆ ಕೈ ಬೀಸಿ ಬಂದೆ.

ಮನೆಗೆ ಬಂದು ಪಂಪು ಹಚ್ಚಿ ನೋಡಿದರೆ ಶಾಕಿನಲ್ಲಿ ಗಾಳಿ ಕಮ್ಮಿಯಾಗಿದೆ. ನಾನು ಬಿಟ್ಟಿಲ್ಲ. ಅಂದರೆ ಎಲ್ಲೋ ಸೋರುತ್ತಿದೆ. ಒಂದು ವಾರ ಮನೇಲಿಟ್ಟುಕೊಂಡವಳಿಗೆ ಅದೂ ಗೊತ್ತಾಗಿಲ್ಲ! ಓಡಿಸಿದ್ದರೆ ತಾನೆ ಗೊತ್ತಾಗೋದು. ಸೈಕಲ್ಲು ಅನಾಥವಾಗಿದೆ ಪಾಪ.

ಮೆಟ್ಟಿಲ ಬಂಡೆಯನ್ನ ಇವತ್ತೂ ನಡೆದೇ ಇಳಿದೆ.

ಮಾರ್ಚ್ 28, ಗುರುವಾರ

ಕೆಲಸ ಮುಗಿಸಿ ಸೈಕಲ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನನ್ನ ನಾನೂ ಅವರ ತಂಗಿಯೂ ರೇಡಿಯೋ ಅಂತ ಕರೆಯೋದು, ಒಂದು ಸಲ ಶುರುವಾದರೆ ಮಧ್ಯೆ ಜಾಹೀರಾತೂ ಇಲ್ಲದೆ ಹೋಗ್ತಾನೇ ಇರ್ತಾನೆ. ಶಾಕನ್ನ ಸೋಪು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುತ್ತಾ ಅಂತ ಕಾದು, "ಎಲ್ಲೂ ಸೋರ್ತಿಲ್ಲ ಮೇಡಂ. ಯಾರೋ ಬಿಟ್ಟಿದಾರೆ ಅಷ್ಟೇ," ಅಂದ.

"ಯಾರು ಬಿಡ್ತಾರೆ?"

"ನನ್ನನ್ನ ಕೇಳಿದರೆ? ಮನೇಲಿ ಮಕ್ಕಳಿದಾರಾ? ಇಲ್ವಾ? ಬಿಡಿ ಹಾಗಾದರೆ. ನಿಮ್ಮ ನಾದಿನಿ ಸೈಕಲ್ ಮುಂದಿನ ವಾರ ಬರುತ್ತೆ ಅಂತ ಹೇಳಿಬಿಡಿ."

"ಯಾವ ಸೈಕಲ್?"

"ಹೊಸದು! ಇದರದ್ದೇ ದೊಡ್ಡ ಸೈಜು. ಆರ್ಡರ್ ಕೊಟ್ಟು ಹತ್ತು ದಿನ ಆಯ್ತಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತು ಅಂದೆ. ಆಮೇಲೂ ಅವನು ಚಕ್ರದ ಬಗ್ಗೆ ಏನೋ ಹೇಳ್ತಿದ್ದ, ಕಿವಿಗೆ ಬೀಳಲಿಲ್ಲ.

ಮಾರ್ಚ್ 29, ಶುಕ್ರವಾರ

ಸೈಕಲ್ ಪೂರ್ತಿ ನನ್ನದಾಯ್ತು. ನಾನು ಕೇಳಿದ್ದೂ ಇದನ್ನೇ. ಜಗಳವಿಲ್ಲದೆ ಸಿಕ್ಕಿತು.

ಖುಷಿಯಾಗಿದೆ.

ಒಂದು ಗಾಜು ತಪ್ಪು ಉಜ್ಜಿ ಹಾಳು ಮಾಡಿದೆ.

ಇನ್ನು ಶನಿವಾರ ಬೆಳಗ್ಗೆ ಗೇಟಿನ ಹತ್ತಿರ ನಿಲ್ಲೋ ಕೆಲಸವಿಲ್ಲ. ನಿದ್ದೆ ಮಾಡಬಹುದು, ಎಷ್ಟು ಹೊತ್ತಿನವರೆಗೆ ಬೇಕಾದರೂ.

ಮಾರ್ಚ್ 30, ಶನಿವಾರ

ಬರೆಯೋಕೆ ಬಹಳ ಇದೆ. ಹೊಟ್ಟೆ ತುಂಬಿದ್ದಕ್ಕೆ ಕಣ್ಣು ಎಳೀತಿದೆ, ಆದರೂ ಬರೆದೇ ಮಲಗ್ತೀನಿ.

ಅವಳು ಕಾರು ನಿಲ್ಲಿಸೋ ಮೊದಲೇ ನಾನು ಸೈಕಲ್ ಇಳಿಸಿಕೊಂಡು ಗೇಟಿನಲ್ಲಿ ನಿಂತಿದ್ದೆ. ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದೆ. ತಣ್ಣಗೆ, ಮರ್ಯಾದೆಯಾಗಿ ಹೇಳಬೇಕು ಅಂತ. ಬಾಯಿ ಬಿಟ್ಟರೆ ಬೇರೆಯೇ ಬಂತು.

"ಹೊಸ ಸೈಕಲ್ ಬರ್ತಿದೆಯಂತೆ. ರೇಡಿಯೋ ಬಾಯಿಂದ ಕೇಳಬೇಕಾಯ್ತು. ನನಗೊಂದು ಮಾತು ಹೇಳಬಾರದಿತ್ತೇನೇ? ಇದನ್ನಂತೂ ಮುಟ್ಟೋದನ್ನೇ ಬಿಟ್ಟಿದೀಯ. ನನ್ನ ಪಾಲಿದೆ ಅಂತ ಅಷ್ಟು ಅಸಹ್ಯವಾಯ್ತಾ?"

"ಮುಟ್ಟೋದು ಬಿಟ್ಟಿದೀನಾ? ನಾನಾ? ದಿನಾ ಬೆಳಗ್ಗೆ ಹೋಗ್ತೀನಲ್ರೀ!"

"ಸುಳ್ಳು ಹೇಳಬೇಡ. ಸೀಟು ಕೆಂಪು ಟೇಪಿನಲ್ಲೇ ಇರುತ್ತೆ. ಗಾಳಿಯೂ ನನ್ನದೇ."

ಅವಳು ನನ್ನನ್ನೇ ನೋಡಿದಳು, ಕ್ಲಚ್ಚು ಯಾವುದು ಅಂತ ಮೂರನೇ ವಾರವೂ ಕೇಳೋ ಕಲಿಯುವವರನ್ನ ನೋಡೋ ಹಾಗೆ.

"ಅತ್ತಿಗೆ, ಕೊಡೋ ಮೊದಲು ಸೀಟು ನಾನೇ ಇಳಿಸಿ, ಗಾಳಿ ನಾನೇ ಸರಿ ಮಾಡಿ ತರ್ತಿದ್ದೆ. ಒಬ್ಬರೇ ಎರಡು ಮಹಡಿ ಹೊತ್ಕೊಂಡು ಹೋಗ್ತಾರೆ, ಮೇಲೆ ಹೋಗಿ ಮತ್ತೆ ಪಂಪು ಹಿಡೀಬೇಕಲ್ಲ ಪಾಪ ಅಂತ. ಶುಕ್ರವಾರ ಸಂಜೆ ಕೂತು ಚೈನು ಒರೆಸ್ತಿದ್ದೆ. ಅದಕ್ಕೂ ಬೈಯೋದಾ?"

ಆದರೂ ಸೋಲಬಾರದಲ್ಲ. "ಮತ್ತೆ ಈ ಸಲ ಗಾಳಿ ಯಾಕೆ ಕಮ್ಮಿ ಇತ್ತು?" ಅಂದೆ.

ಅದಕ್ಕೇ ಕಾಯ್ತಿದ್ದವಳ ಹಾಗೆ ಸೊಂಟಕ್ಕೆ ಕೈ ಇಟ್ಟುಕೊಂಡಳು. ಹಿಂದಿನ ಶಾಕಿನ ನುಣುಪಾದ ಕಂಬಿಯ ಮೇಲೆ ಒಂದು ಸಣ್ಣ ರಬ್ಬರ್ ರಿಂಗು ಇದೆ. ಶಾಕ್ ಎಷ್ಟು ಕುಗ್ಗಿತೋ ಅಲ್ಲಿವರೆಗೂ ಅದನ್ನ ತಳ್ಳಿ, ಅಲ್ಲೇ ಬಿಟ್ಟಿರುತ್ತೆ. ಅದನ್ನ ತೋರಿಸಿದಳು.

"ಹೋದ ಸಲ ತಗೊಂಡು ಹೋಗುವಾಗ ನೋಡಿದೆ, ರಿಂಗು ಅರ್ಧಕ್ಕೇ ನಿಂತಿದೆ. ಮೆಟ್ಟಿಲ ಬಂಡೆ ಇಳಿದೆ ಅಂದ್ರಿ. ಆ ಬಂಡೆ ಇಳಿದರೆ ರಿಂಗು ತುದಿ ಮುಟ್ಟಬೇಕು. ಅಷ್ಟು ಕುಕ್ಕಿದರೂ ಅರ್ಧವೇ ಕುಗ್ಗಿದೆ ಅಂದರೆ ಕೂತವರಲ್ಲಿ ತೂಕವೇ ಇಲ್ಲ ಅಂತ ಲೆಕ್ಕ! ಮನೆಗೆ ಹೋಗಿ ಯೋಚನೆ ಮಾಡಿ ಮಾಡಿ ಸಾಕಾಯ್ತು. ಅದಕ್ಕೇ ಗಾಳಿ ಕಮ್ಮಿ ಮಾಡಿದೆ, ನಿಮಗೆ ಕುಕ್ಕಬಾರದು ಅಂತ. ಅದಕ್ಕೇ ಎರಡನೇ ಸೈಕಲ್ಲೂ, ನಿಮ್ಮ ಜೊತೆ ಬರೋಕೆ. ಇವರು ಊಟ ಬಿಟ್ಟು ಒಬ್ಬರೇ ಗುಡ್ಡ ಸುತ್ತಿ ಎಲ್ಲಾದರೂ ತಲೆ ತಿರುಗಿ ಬಿದ್ದರೆ ಯಾರಿಗೆ ಗೊತ್ತಾಗುತ್ತೆ? ಊಟ ಮಾಡ್ತಿದೀರಾ ಇಲ್ವಾ, ಅದನ್ನ ಹೇಳಿ ಮೊದಲು!"

ಈಗ ನಾನು ಏನು ಹೇಳಲಿ? ಊಟ ಮಾಡ್ತಿದೀನಿ ಅಂದರೆ ಬಂಡೆ ಇಳಿದಿಲ್ಲ ಅಂತ ಒಪ್ಪಿಕೊಳ್ಳಬೇಕು. ಬಂಡೆ ಇಳಿದೆ ಅಂದರೆ ಉಪವಾಸ ಅಂತ ಆಗುತ್ತೆ. ಹೇಡಿ ಅನ್ನಿಸಿಕೊಳ್ಳೋದೇ ವಾಸಿ ಅನ್ನಿಸಿತು.

"ನಡೆದು ಇಳಿದೆ," ಅಂದೆ. "ಪಕ್ಕದ ಹುಲ್ಲಿನಲ್ಲಿ. ಸೈಕಲ್ ಕೈಯಲ್ಲಿ ಹಿಡ್ಕೊಂಡು."

ಅವಳು ನಗೋಕೆ ಶುರುಮಾಡಿದಳು. ನನಗೂ ತಡೆಯೋಕಾಗಲಿಲ್ಲ. ಕೆಳಗಿನ ಮನೆಯವರು ಕಿಟಕಿ ತೆಗೆದು ನೋಡಿದರು. ನಗು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ನನ್ನ ಪ್ಯಾಂಟಿನ ಸೊಂಟ ಹಿಡಿದು ಎಳೆದಳು. ಒಂದು ಮುಷ್ಟಿ ಬಟ್ಟೆ ಕೈಗೆ ಬಂತು.

"ಇದೇನು?"

"ಎಲಾಸ್ಟಿಕ್ ಹೋಗಿದೆ."

"ಎಲಾಸ್ಟಿಕ್ ಅಂತೆ!"

ಕೇಳದೆ ಕರೆಯದೆ ಮೇಲೆ ಬಂದಳು. ಅಡುಗೆಮನೆ ನೋಡಿದಳು, ನೋಡೋಕೆ ಏನೂ ಇರಲಿಲ್ಲ. ಅಂಗಡಿಗೆ ಹೋಗಿ ಮೊಟ್ಟೆ, ಬ್ರೆಡ್ಡು, ತರಕಾರಿ ತಂದು ಸುರಿದಳು. ನಾನು ಒಲೆ ಹಚ್ಚಿದೆ. ಒಂದೇ ಕುರ್ಚಿ ಇದ್ದದ್ದಕ್ಕೆ ಇಬ್ಬರೂ ನೆಲದ ಮೇಲೆ ಕೂತು ತಿಂದ್ವಿ. ನಾನು ಎಷ್ಟು ತಿಂದೆ ಅಂತ ನನಗೇ ನಾಚಿಕೆ. ನಾದಿನಿ ಪಾತ್ರೆ ತೊಳೆದಿಟ್ಟು ಹೋದಳು.

ಏಪ್ರಿಲ್ 3, ಬುಧವಾರ

ಡಬ್ಬಿ ತಗೊಂಡು ಹೋಗಿದ್ದೆ. ಯಜಮಾನರು ಇಣುಕಿ ನೋಡಿ ಏನೂ ಅನ್ನದೆ ಹೋದರು. ಸಂಜೆ ಇನ್ನೊಂದು ಕುರ್ಚಿ ತಂದೆ. ಕೊಂಡದ್ದು ಯಾಕೆ ಅಂತ ಗೊತ್ತಿಲ್ಲ, ಚೆನ್ನಾಗಿ ಕಂಡಿತು.

ನಾದಿನಿಯ ಸೈಕಲ್ ಬಂದಿದೆಯಂತೆ. ಭಾನುವಾರ ಇಬ್ಬರೂ ಹೋಗೋಣ ಅಂತ ಫೋನ್ ಮಾಡಿದ್ದಳು. "ಮೆಟ್ಟಿಲ ಬಂಡೆ ಇಳಿಯೋದು ನಾನು ಕಲಿಸ್ತೀನಿ, ಎಂಥೆಂಥವರಿಗೆ ಕಾರು ಕಲಿಸಿದೀನಿ," ಅಂದಳು. ಹೂಂ ಅಂದೆ. ಆದರೆ ಒಂದು ಮಾತು ಗಂಟಲಲ್ಲೇ ಉಳಿದಿದೆ. ಈಗ ಎರಡು ಸೈಕಲ್. ಬದಲಿ ಮಾಡೋಕೆ ಏನೂ ಉಳಿದಿಲ್ಲ. ಅವಳಿಗೆ ಇಲ್ಲಿಗೆ ಬರೋಕೆ ಇದ್ದ ಕಾರಣ ಅದೊಂದೇ. ಮೊದಮೊದಲು ಪಾಪ ಅಂತ ಬರ್ತಾಳೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ರಸ್ತೆಯಲ್ಲಿ ಸಿಕ್ಕರೆ "ಹೇಗಿದೀರಾ". ನನಗೆ ಭಯ ಆಗ್ತಿದೆ.

ಏಪ್ರಿಲ್ 7, ಭಾನುವಾರ

ಮೂರು ವರ್ಷದಲ್ಲಿ ಮೊದಲನೇ ಸಲ ಅವಳು ಓಡಿಸೋದನ್ನ ನೋಡಿದೆ! ಇದ್ದದ್ದು ಒಂದೇ ಸೈಕಲ್, ಒಬ್ಬರು ಹೋದರೆ ಇನ್ನೊಬ್ಬರು ಮನೇಲಿ. ಅವಳ ಸವಾರಿಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಅವಳೇ ಹೇಳಿದ್ದು. ಹತ್ತುವಾಗ ಗೂಳಿಯ ಹಾಗೆ ತುಳೀತಾಳೆ. ನಾನು ಎರಡು ಸಲ ಇಳಿದು ಉಸಿರು ತಗೊಂಡೆ. ಇಳಿಯುವಾಗ ಮಾತ್ರ, ದೇವರೇ, ಒಂದೊಂದು ಕಲ್ಲಿಗೂ ಬ್ರೇಕು. ಹಿಂದೆ ಬರ್ತಿದ್ದ ನಾನು ಇನ್ನೇನು ಅವಳ ಮೇಲೇ ಹತ್ತಿಬಿಡ್ತಿದ್ದೆ.

ಮೆಟ್ಟಿಲ ಬಂಡೆಯ ತುದೀಲಿ ನಿಂತ್ವಿ.

"ಹೂಂ, ಕಲಿಸು," ಅಂದೆ.

ಅವಳು ಕೆಳಗೆ ನೋಡಿದಳು. ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡಳು. ಮತ್ತೆ ಕೆಳಗೆ ನೋಡಿದಳು. ಬಲಗಾಲು ನೆಲ ಒತ್ತಿತು.

"ಅತ್ತಿಗೆ, ಬೈಬೇಡಿ."

"ಏನು?"

"ನಾನೂ ನಡೆದೇ ಇಳಿಯೋದು."

"ಯಾವಾಗಿಂದ?"

"ಯಾವಾಗಲೂ. ಆಚೆ ಕಡೆ ಹುಲ್ಲಿನಲ್ಲಿ."

"ಹಾಗಾದರೆ ರಿಂಗು ತುದಿ ಮುಟ್ಟಬೇಕು ಅಂತ ಅಷ್ಟು ಜೋರು ಮಾಡಿದೆಯಲ್ಲೇ!"

"ಮುಟ್ಟುತ್ತೆ ಅಂತ ರೇಡಿಯೋ ಹೇಳಿದ್ದ."

ಕಳ್ಳಿ! ಮೂರು ವರ್ಷ ಇವಳ ಶೌರ್ಯ ಕೇಳಿ ಕೇಳಿ ನನ್ನನ್ನ ನಾನೇ ಹೀಯಾಳಿಸಿಕೊಂಡಿದ್ದೆ. ಸೈಕಲ್ಲುಗಳನ್ನ ಹುಲ್ಲಿಗೆ ಮಲಗಿಸಿ, ಬಂಡೆ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ವಿ. ನಗುವಿನ ಸಲಿಗೆಯಲ್ಲೇ ಆ ಮಾತನ್ನ ಹೊರಗೆ ಹಾಕಿಬಿಡೋಣ ಅನ್ನಿಸಿತು. ತಮಾಷೆಯ ದನಿಯಲ್ಲೇ, "ಇನ್ನು ನಿನಗೂ ನಿರಾಳ. ಶನಿವಾರ ನಮ್ಮನೇವರೆಗೂ ಬರೋ ಕಾಟ ತಪ್ಪಿತು," ಅಂದೆ.

ಅವಳ ನಗು ನಿಂತುಹೋಯ್ತು.

"ಹಂಚಿಕೆ ಮಾಡಿದ ದಿನ ನಾನು ಅಲ್ಲೇ ಇದ್ದೆ, ನೆನಪಿದೆಯಾ?" ಅಂದಳು. "ನೀವೂ ಅಣ್ಣನೂ ಎದುರುಬದುರು ಕೂತಿದ್ರಿ. ಒಂದು ಟೀ ಮಾಡ್ತೀಯಾ ಅಂದ್ರಿ ನನಗೆ. ಮಾಡಿ ತಂದೆ. ಲೋಟ ಹಿಡ್ಕೊಂಡು ನಿಂತಿದ್ದೆ. ಮಂಚ ಯಾರಿಗೆ, ಫ್ರಿಜ್ಜು ಯಾರಿಗೆ ಅಂತ ಎಲ್ಲ ಆಯ್ತು. ನಾನು ಯಾರ ಪಾಲು ಅಂತ ಇಬ್ಬರಲ್ಲಿ ಒಬ್ಬರಾದರೂ ಕೇಳಿದ್ರಾ?"

ನಾನು ಕೈಗವಸಿನ ಪಟ್ಟಿ ಬಿಚ್ಚಿದೆ, ಮತ್ತೆ ಹಾಕಿದೆ.

"ಅಣ್ಣನಿಗೆ ನಾನು ತಂಗಿ, ಹೇಗೂ ಇರ್ತೀನಿ. ಅವನಿಗೆ ಕೇಳಬೇಕು ಅಂತ ಹೊಳೆಯೋದಿಲ್ಲ. ನಿಮಗೂ ಹೊಳೀಲಿಲ್ವಲ್ಲ ಅತ್ತಿಗೆ. ಆಮೇಲೆ ಸೈಕಲ್ ಒಂದೇ ಉಳಿದಿದ್ದು ನನಗೆ, ನಿಮ್ಮ ಮನೆ ಬಾಗಿಲಿಗೆ ಬರೋಕೆ. ಗೇಟಿನಿಂದ ಒಳಗೆ ಬಾ ಅಂತ ಕೂಡ ನೀವು ಕರೀಲಿಲ್ಲ."

ಅಳು ಬಂತು. ಕೋರ್ಟಿನಲ್ಲಿ ಬಾರದ್ದು, ಮನೆ ಖಾಲಿ ಮಾಡುವಾಗ ಬಾರದ್ದು, ಬಂಡೆ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತಾಗ ಬಂತು. ಮೂಗು ಒರೆಸೋಕೆ ಕೈಗವಸು ಬಿಟ್ಟು ಬೇರೇನೂ ಇರಲಿಲ್ಲ.

"ನನ್ನ ಪಾಲಿಗೆ ಕಣೇ," ಅಂದೆ. "ನನಗೆ ನೀನು ಬೇಕು. ಕೇಳಿದರೆ ನೀನು ಇಲ್ಲ ಅಂದುಬಿಟ್ಟರೆ ಅಂತ ಹೆದರಿದೆ."

"ಹೆದರೋದರಲ್ಲಿ ಇಬ್ಬರೂ ಒಂದೇ," ಅಂದಳು ಬಂಡೆ ಕಡೆ ಕೈ ತೋರಿಸಿ. ಅವಳ ಕಣ್ಣಲ್ಲೂ ನೀರಿತ್ತು. ನನ್ನ ಹೆಗಲಿಗೆ ತಲೆ ಒರಗಿಸಿದಳು. ಹೆಲ್ಮೆಟ್ಟಿಗೆ ಹೆಲ್ಮೆಟ್ ಟಣ್ ಅಂತ ಬಡೀತು.

ಆಮೇಲೆ ಇಬ್ಬರೂ ಸೈಕಲ್ ಹಿಡಿದುಕೊಂಡು ಹುಲ್ಲಿನಲ್ಲಿ ನಡೆದು ಇಳಿದ್ವಿ. ಪಕ್ಕ ಪಕ್ಕ ನಡೀಬಹುದಾದಷ್ಟು ಅಗಲ ಇದೆ ಅಲ್ಲಿ. ಮೇಲಿಂದ ಒಬ್ಬ ಕಿರುಚಿಕೊಂಡು ಬಂಡೆ ಹಾರಿ ಬಂದವನು ನಮ್ಮನ್ನ ನೋಡಿ, "ಇಂಥ ಸೈಕಲ್ ಇಟ್ಕೊಂಡು ನಡೀತಿದೀರಲ್ರೀ!" ಅಂದ.

"ನಮ್ಮ ಸೈಕಲ್ಲು, ನಮ್ಮಿಷ್ಟ. ಮುಂದೆ ನೋಡಿ ಓಡ್ಸಪ್ಪಾ!" ಅಂತ ಕಾರು ಕಲಿಸೋ ದನಿಯಲ್ಲಿ ಗದರಿದಳು ನಾದಿನಿ. ಅವನು ಗಾಬರಿಯಾಗಿ ಎರಡೂ ಬ್ರೇಕ್ ಹಿಡಿದ.

ನಮ್ಮನೆ ಗೇಟಿನ ಹತ್ತಿರ ತನ್ನ ಸೈಕಲ್ಲನ್ನ ಕಾರಿಗೆ ಕಟ್ಟಿ, "ಶನಿವಾರ ಬರ್ತೀನಿ," ಅಂದಳು.

"ಶನಿವಾರ ಏನಿದೆ?"

"ಏನೂ ಇಲ್ಲ."

ಕೊಡೋಕೆ ಏನಿಲ್ಲ, ತಗೊಂಡು ಹೋಗೋಕೂ ಏನಿಲ್ಲ. ಸುಮ್ಮನೆ ಬರ್ತಾಳಂತೆ.